ಭದ್ರೆಯ ನಡುಗಡ್ಡೆಗಳು ಮತ್ತು ನಮ್ಮ ಹೊಳೆಯ ಉಸುಕು

(ಕಪ್ಪತಗುಡ್ಡದ ತಪ್ಪಲಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗುಡ್ಡದ ಜನರ ಮುಂದೆ ನಿಂತು ದ್ವೀಪಗಳ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮ್ಮ ಜಿಲ್ಲೆಗೆ ಕಡಲಿಲ್ಲ. ಮುಂಡರಗಿ ತಾಲ್ಲೂಕಿನಲ್ಲಿ ಡೋಣಿ ಎಂಬ ಊರೇನೋ ಇದೆ. ಹೆಸರು ಹಾಗಿದ್ದರೂ ಅಲ್ಲಿಯ ಜನ ಗುಡ್ಡ ಹತ್ತುವವರೇ ಹೊರತು ಹುಟ್ಟು ಹಾಕುವವರಲ್ಲ. ಹೀಗಿರುವಾಗ ಸಣ್ಣ ದೋಣಿಯಲ್ಲಿ ಕುಳಿತು ದೂರದ ನಡುಗಡ್ಡೆಗಳ ಹಕ್ಕಿಗಳನ್ನು ನೋಡಿಬಂದ ಕಥೆಯಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ನೋಡಿಬಂದ ನೀರು ನಮ್ಮದೇ ನೀರು. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ನಿಂತಿರುವ ಭದ್ರೆ ಅಲ್ಲಿಂದ ಹೊರಟು, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯೆಂಬ ಹೆಸರು ಹೊತ್ತು, ಶಿರಹಟ್ಟಿ ತಾಲ್ಲೂಕಿನ ಹೊಳೆ ಇಟಗಿಯನ್ನೂ ಮುಂಡರಗಿ ತಾಲ್ಲೂಕಿನ ಹಮ್ಮಿಗಿ, ಕೊರ್ಲಹಳ್ಳಿಗಳನ್ನೂ ಮುಟ್ಟಿ ಮುಂದೆ ಹೋಗುತ್ತದೆ. ಬಿಂಕದಕಟ್ಟಿಯಲ್ಲಿ ಆರಂಭವಾಗುವ ನಮ್ಮ ಕಪ್ಪತಗುಡ್ಡದ ಸಾಲು ಸಿಂಗಟಾಲೂರಿನಲ್ಲಿ ಕಾಲು ತೊಳೆದುಕೊಳ್ಳುವುದು ಇದೇ ನೀರಿನಲ್ಲಿ. ಮೇಲಿನ ಊರಿನಲ್ಲಿ ಈ ಹೊಳೆ ಏನನ್ನು ಉಳಿಸಿಕೊಂಡಿದೆ, ಕೆಳಗಿನ ಊರಾದ ನಮ್ಮಲ್ಲಿ ಏನನ್ನು ಕಳೆದುಕೊಳ್ಳುತ್ತಿದೆ ಎಂಬುದೇ ಈ ದಿನದ ನನ್ನ ವಿಷಯ.

ಭದ್ರಾ ಜಲಾಶಯದ ನಡುಗಡ್ಡೆಗಳು ಹುಟ್ಟು ದ್ವೀಪಗಳಲ್ಲ. ಅವು ಮುಳುಗಿದ ಗುಡ್ಡಗಳ ನೆತ್ತಿಗಳು. 1960ರ ದಶಕದಲ್ಲಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ಕಣಿವೆಗಳು, ಕಾಡು, ಹೊಲ, ಹಾದಿ ಎಲ್ಲವೂ ಒಳಗೆ ಸೇರಿದವು. ಈ ಜಲಾಶಯದ ಪೂರ್ಣಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿ.ಎಂ.ಸಿ. ತುಂಬಿದ ಜಲಾಶಯವನ್ನು ಆಗಸ್ಟ್ ತಿಂಗಳಿನಲ್ಲಿ ನೋಡಿದವನಿಗೆ ಅಲ್ಲಿ ನಡುಗಡ್ಡೆಗಳಿವೆ ಎಂಬ ಸುಳಿವೂ ಸಿಗಲಾರದು. ಸಂಕ್ರಾಂತಿ ಕಳೆದು ಕಾಲುವೆಗಳಿಗೆ ನೀರು ಹರಿಯತೊಡಗಿ ಮಟ್ಟ ಇಳಿಯುತ್ತ ಹೋದಂತೆ ಒಂದೊಂದೇ ನೆತ್ತಿ ಬೋಳುಬೋಳಾಗಿ, ಕೆಂಪಗೆ, ಹೊಸದಾಗಿ ಕೆರೆದ ಅಂಗಳದಂತೆ ಮೇಲೆ ಬರುತ್ತದೆ. ವರ್ಷದ ಆರೇಳು ತಿಂಗಳು ನೀರಿನಡಿ ಇರುವುದರಿಂದ ಅಲ್ಲಿ ಮರವಿಲ್ಲ, ಪೊದೆಯಿಲ್ಲ. ಬರಿ ಮೊರಂ, ಹರಳುಗಲ್ಲು, ಒಣಗಿದ ಕೆಸರು. ಮನುಷ್ಯನ ಕಣ್ಣಿಗೆ ಅದು ಬಂಜರು. ಅದೇ ಬಂಜರಿಗಾಗಿ ಸಾವಿರಾರು ಹಕ್ಕಿಗಳು ವರ್ಷವಿಡೀ ಕಾಯುತ್ತವೆ.

ಆ ಹಕ್ಕಿಯ ಹೆಸರು ರಿವರ್ ಟರ್ನ್. ಕನ್ನಡದ ಪಕ್ಷಿಪ್ರಿಯರು ನದಿ ರೀವ ಎನ್ನುತ್ತಾರೆ. ಪಾರಿವಾಳಕ್ಕಿಂತ ಉದ್ದವಾದ, ಆದರೆ ತೀರ ಹಗುರಾದ ದೇಹ. ಬೂದು ಬೆನ್ನು, ಬಿಳಿಯ ಹೊಟ್ಟೆ, ಅರಿಸಿನದಲ್ಲಿ ಅದ್ದಿ ತೆಗೆದಂಥ ಕೊಕ್ಕು, ಕೆಂಪು ಗಿಡ್ಡ ಕಾಲು, ಕತ್ತರಿಯಂತೆ ಸೀಳಿದ ಬಾಲ. ಮರಿ ಮಾಡುವ ಕಾಲದಲ್ಲಿ ನೆತ್ತಿಯ ಮೇಲೆ ಕರಿಯ ಟೊಪ್ಪಿಗೆ ಇಟ್ಟಂತೆ ಕಾಣುತ್ತದೆ. ನೀರಿನ ಮೇಲೆ ತಲೆ ತಗ್ಗಿಸಿಕೊಂಡು ಹಾರುತ್ತ, ಮೀನು ಕಂಡೊಡನೆ ರೆಕ್ಕೆ ಮಡಚಿ ಬೀಳುವುದು ಇದರ ಬೇಟೆಯ ರೀತಿ. ಕಡಲ ರೀವಗಳು ಬೇರೆ. ಇದು ಹೊಳೆ ಕೆರೆಗಳ ಹಕ್ಕಿ, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಒಳನಾಡಿನ ನೀರಿಗೆ ಸೇರಿದ ಹಕ್ಕಿ. ಇದರ ಸಂಖ್ಯೆ ಇಳಿಯುತ್ತಿರುವುದರಿಂದ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈಗ ಇದನ್ನು ಅಳಿವಿನ ಭಯವಿರುವ ಹಕ್ಕಿಗಳ ಸಾಲಿಗೆ ಸೇರಿಸಲಾಗಿದೆ. ಇಳಿಯುತ್ತಿರುವುದಕ್ಕೆ ಕಾರಣ ಬೇಟೆಯಲ್ಲ. ಗೂಡಿನ ಜಾಗ ಇಲ್ಲವಾಗುತ್ತಿರುವುದು.

ಗೂಡು ಎಂದೆ. ಅದನ್ನು ಗೂಡೆನ್ನುವುದು ಉದಾರತೆಯ ಮಾತು. ಹೆಣ್ಣು ಹಕ್ಕಿ ಎದೆಯಿಂದ ಒತ್ತಿ ತಿರುಗಿ ನೆಲದಲ್ಲಿ ಒಂದು ಬೊಗಸೆಯಷ್ಟು ತಗ್ಗು ಮಾಡುತ್ತದೆ, ಅಷ್ಟೆ. ಅದರಲ್ಲಿ ಎರಡು ಅಥವಾ ಮೂರು ಮೊಟ್ಟೆ. ಬೂದು ಬಣ್ಣದ ಮೇಲೆ ಕಂದು ಚುಕ್ಕೆಗಳಿರುವುದರಿಂದ ಹರಳುಗಲ್ಲುಗಳ ನಡುವೆ ಮೊಟ್ಟೆ ಯಾವುದು, ಕಲ್ಲು ಯಾವುದು ತಿಳಿಯದು. ಮರಿಗಳೂ ಹಾಗೆಯೇ, ಅಪಾಯ ಬಂದರೆ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕಲ್ಲಾಗುತ್ತವೆ. ಗೂಡಿಗೆ ಗೋಡೆಯಿಲ್ಲ, ಮಾಡಿಲ್ಲ, ಮುಳ್ಳಿಲ್ಲ. ಇದರ ರಕ್ಷಣೆಯೆಲ್ಲ ಸುತ್ತಲಿನ ನೀರಿನಲ್ಲಿದೆ. ನರಿ, ಮುಂಗುಸಿ, ಕಾಡುಬೆಕ್ಕು, ಊರನಾಯಿಗಳು ಆ ನೀರು ದಾಟಿ ಬರುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ ಇಡೀ ಕುಲ ನಿಂತಿದೆ.

ನಮ್ಮ ತಂಡ ಲಕ್ಕವಳ್ಳಿಯನ್ನು ತಲುಪಿದ್ದು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ. ಹರಿಹರ, ಶಿವಮೊಗ್ಗ, ಭದ್ರಾವತಿಗಳ ಮೇಲೆ ಹಾಯ್ದು ಹೋಗುವ ಆ ದಾರಿಯನ್ನು ವರ್ಣಿಸುತ್ತ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಅಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ತಾಣವೊಂದಿದೆ. ಅದಕ್ಕೆ ರಿವರ್ ಟರ್ನ್ ಲಾಡ್ಜ್ ಎಂದು ಈ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಹಿನ್ನೀರಿನ ಆಚೆಗೆ ಭದ್ರಾ ಅಭಯಾರಣ್ಯ. 1974ರಲ್ಲಿ ಅಭಯಾರಣ್ಯವಾದ ಆ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಒಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಲ್ಲಿ ಬಹಳಷ್ಟು ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ನೀರಾವರಿ ಭೂಮಿ ಕೊಟ್ಟು ನಡೆಸಿದ ಆ ಸ್ಥಳಾಂತರವನ್ನು ದೇಶದಲ್ಲಿಯೇ ಉತ್ತಮವಾದುದೆಂದು ತಜ್ಞರು ಹೊಗಳುತ್ತಾರೆ. ಹೊಗಳಿಕೆ ಸರಿಯೇ ಇರಬಹುದು. ಆದರೂ ಒಂದೇ ಕಣಿವೆ ಒಮ್ಮೆ ಅಣೆಕಟ್ಟಿಗೆ, ಮತ್ತೊಮ್ಮೆ ಅರಣ್ಯಕ್ಕೆ ಜಾಗ ಬಿಟ್ಟುಕೊಟ್ಟಿದೆ ಎಂಬುದನ್ನು ಹಕ್ಕಿ ನೋಡಲು ಹೋಗುವವರು ಮರೆಯಬಾರದೆಂದು ನನ್ನ ಅಭಿಪ್ರಾಯ. ಸಿಂಗಟಾಲೂರು ಏತ ನೀರಾವರಿ ಯೋಜನೆಯಿಂದ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಏನೇನು ಅನುಭವಿಸಿದರೆಂಬುದು ಈ ಸಭೆಯಲ್ಲಿ ಕುಳಿತವರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ.

ದೋಣಿ ಸಣ್ಣದು. ಸೂರ್ಯ ಏಳುವ ಮೊದಲೇ ಹೊರಟೆವು. ಮೊದಲ ಅರ್ಧ ಗಂಟೆ ಹಕ್ಕಿಗಳಿಗಿಂತ ಮರಗಳೇ ನಮ್ಮ ಕಣ್ಣನ್ನು ಹಿಡಿದವು. ಮುಳುಗಿ ಸತ್ತು ದಶಕಗಳೇ ಕಳೆದ ಮರಗಳ ಬೊಡ್ಡೆಗಳು ಇಳಿದ ನೀರಿನಿಂದ ಕಪ್ಪಗೆ ಮೇಲೆದ್ದು ನಿಂತಿದ್ದವು. ಒಂದೊಂದರ ತುದಿಯಲ್ಲೂ ನೀರುಕಾಗೆ ರೆಕ್ಕೆ ಹರವಿ ಬಿಸಿಲಿಗೆ ಕಾದು ಕುಳಿತಿತ್ತು. ಒಂದು ಬೊಡ್ಡೆಯ ಮೇಲೆ ಮೀನುಗಿಡುಗ ಕಾಲಲ್ಲಿ ಮೀನು ಒತ್ತಿ ಹಿಡಿದು ನಮ್ಮನ್ನು ದುರುಗುಟ್ಟಿ ನೋಡಿತು. ದಡದ ಹಸಿರು ಹುಲ್ಲಿನಲ್ಲಿ ಕಾಟಿಗಳ ಹಿಂಡು. ಆನೆಗಳು ಈ ನೀರನ್ನು ಈಜಿ ದಾಟುತ್ತವೆ ಎಂದು ದೋಣಿಯವರು ಹೇಳಿದರು. ನಮಗೆ ಆ ದಿನ ಕಂಡದ್ದು ದಡದ ಕೆಸರಿನಲ್ಲಿ ಬುಟ್ಟಿಯಷ್ಟು ಅಗಲದ ಹೆಜ್ಜೆಗಳು ಮಾತ್ರ.

ನಡುಗಡ್ಡೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದಿತು. ಸಂತೆಯ ಗದ್ದಲ ದೂರದಿಂದ ಕೇಳುವಂತೆ ಒಂದು ಸದ್ದು. ಹತ್ತಿರವಾದಂತೆ ಅದು ಸಾವಿರ ಕೊರಳುಗಳಾಗಿ ಒಡೆಯಿತು. ಆಗ ದೋಣಿಯವರು ಯಂತ್ರವನ್ನು ನಿಲ್ಲಿಸಿಬಿಟ್ಟರು. ಇನ್ನೂ ಬಹಳ ದೂರವಿತ್ತು. ನಮ್ಮೊಂದಿಗಿದ್ದ ಪ್ರವಾಸಿಯೊಬ್ಬರು, ಕೈಯಲ್ಲಿ ದೊಡ್ಡ ಕ್ಯಾಮೆರಾ ಹಿಡಿದವರು, ಇನ್ನಷ್ಟು ಹತ್ತಿರಕ್ಕೆ ಒಯ್ಯಲು ಕೇಳಿಕೊಂಡರು. ಆಮೇಲೆ ಒಂದೈದು ನಿಮಿಷ ನಡುಗಡ್ಡೆಯ ಮೇಲೆ ಇಳಿಸಿದರೆ ಸಾಕೆಂದರು. ದೋಣಿಯವರು ಸಿಟ್ಟಾಗಲಿಲ್ಲ. "ಸಾರ್, ನೀವು ಇಳಿದರೆ ಅವು ಏಳುತ್ತವೆ. ಅವು ಎದ್ದರೆ ಗರುಡ ಇಳಿಯುತ್ತದೆ" ಎಂದು ಆಕಾಶದ ಕಡೆ ಬೆರಳು ತೋರಿಸಿದರು. ನಿಜವಾಗಿಯೂ ಮೇಲೆ ಎರಡು ಗರುಡಗಳು ಸುತ್ತು ಹಾಕುತ್ತಿದ್ದವು. ಪಕ್ಷಿಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದನ್ನು ಅವರು ಎರಡು ವಾಕ್ಯಗಳಲ್ಲಿ ಹೇಳಿದರು.

ಇದನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಅರ್ಥ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಹಕ್ಕಿ ಮೊಟ್ಟೆಯ ಮೇಲೆ ಕೂಡುವುದು ಕಾವು ಕೊಡಲಿಕ್ಕೆ ಎಂದು ನಾವು ತಿಳಿದಿದ್ದೇವೆ. ಬೇಸಿಗೆಯ ಬೋಳು ನೆಲದಲ್ಲಿ ಕೂಡುವ ನದಿ ರೀವಕ್ಕೆ ಹಗಲಿನ ಕೆಲಸ ತದ್ವಿರುದ್ಧವಾದುದು. ಅದು ಮೊಟ್ಟೆಗೆ ನೆರಳು ಕೊಡುತ್ತದೆ. ನಡುಹಗಲಿನ ಉಸುಕಿನ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಆ ಶಾಖದ ಅರಿವಿದೆ. ತಾಯಿ ತಂದೆ ಸರದಿಯಲ್ಲಿ ಕುಳಿತು, ಆಗಾಗ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಆ ತೇವದಿಂದ ಮೊಟ್ಟೆಗಳನ್ನು ತಂಪು ಮಾಡುತ್ತವೆ. ನಮ್ಮ ಹೊಲಗಳಲ್ಲಿ ಟಿಟ್ಟಿಭವೂ ಇದನ್ನೇ ಮಾಡುತ್ತದೆ. ಉಳುವಾಗ ಗಮನಿಸಿದವರು ಇಲ್ಲಿರಬಹುದು. ಜನ ಹತ್ತಿರ ಬಂದು ಹಿಂಡೆಲ್ಲ ಮೇಲೆದ್ದಿತೆನ್ನಿ. ನೋಡುವವರಿಗೆ ಅದೊಂದು ಅದ್ಭುತ ದೃಶ್ಯ. ಬಿಳಿಯ ಮೋಡವೇ ಎದ್ದಂತೆ. ಛಾಯಾಚಿತ್ರಕ್ಕೂ ಅದೇ ಬೇಕು. ಆದರೆ ಆ ಹತ್ತು ನಿಮಿಷಗಳಲ್ಲಿ ನೆಲದ ಮೇಲೆ ಮೊಟ್ಟೆಗಳು ಬೇಯುತ್ತಿರುತ್ತವೆ, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ, ಕಾಗೆ ಗರುಡಗಳು ಆರಿಸಿಕೊಂಡು ತಿನ್ನುತ್ತಿರುತ್ತವೆ. ಹಕ್ಕಿಗಳನ್ನು ಪ್ರೀತಿಸುವವರೇ ಹೀಗೆ ಮೊಟ್ಟೆಗಳನ್ನು ಕೊಲ್ಲಬಲ್ಲರು, ಒಂದು ಕಲ್ಲನ್ನೂ ಎಸೆಯದೆ.

ನಾವು ಅಲ್ಲಿಯೇ ಯಂತ್ರ ನಿಲ್ಲಿಸಿದ ದೋಣಿಯಲ್ಲಿ ಮುಕ್ಕಾಲು ಗಂಟೆ ಕುಳಿತೆವು. ಬೈನಾಕ್ಯುಲರ್ ಒಂದೇ ಇತ್ತು, ಕೈಯಿಂದ ಕೈಗೆ ಸಾಗಿತು. ಗಂಡು ಹಕ್ಕಿಯೊಂದು ಕೊಕ್ಕಿನಲ್ಲಿ ಸಣ್ಣ ಮೀನು ಹಿಡಿದು ಹೆಣ್ಣಿನ ಮುಂದೆ ತಲೆಯೆತ್ತಿ ನಡೆದದ್ದು, ಹೆಣ್ಣು ಮುಖ ತಿರುಗಿಸಿದ್ದು, ಅದು ಸುತ್ತು ಹಾಕಿ ಮತ್ತೆ ಬಂದದ್ದು, ಕೊನೆಗೆ ಮೀನು ಸ್ವೀಕೃತವಾದದ್ದು ಎಲ್ಲವನ್ನೂ ಕಂಡೆವು. ಎಂದೂ ಸುಮ್ಮನಿರದ ನಮ್ಮ ಹುಡುಗರು ಅಷ್ಟು ಹೊತ್ತು ಮಾತಾಡಲಿಲ್ಲ. ಹತ್ತಿರ ಹೋಗಿದ್ದರೆ ಇದಾವುದೂ ಕಾಣುತ್ತಿರಲಿಲ್ಲ. ಹೆದರಿ ಹಾರುವ ಹಕ್ಕಿಗೆ ಹಾರುವುದೊಂದೇ ಕೆಲಸ.

ಈ ನಡುಗಡ್ಡೆಗಳ ಬದುಕು ನೀರಿನ ಮಟ್ಟದೊಂದಿಗೆ ಹೆಣೆದುಕೊಂಡಿದೆ. ನೀರು ತೀರ ಇಳಿದರೆ ನಡುಗಡ್ಡೆ ದಡಕ್ಕೆ ಅಂಟಿಕೊಂಡು ನಾಯಿ ನರಿಗಳಿಗೆ ದಾರಿಯಾಗುತ್ತದೆ. ಮುಂಗಾರು ಬೇಗ ಬಂದು ನೀರು ಏರಿದರೆ ತಡವಾಗಿ ಇಟ್ಟ ಮೊಟ್ಟೆಗಳು ಮುಳುಗುತ್ತವೆ. ಎರಡರ ನಡುವಿನ ಮೂರು ನಾಲ್ಕು ತಿಂಗಳ ಕಿಂಡಿಯಲ್ಲಿ ಇವು ಮೊಟ್ಟೆಯಿಟ್ಟು, ಮೂರು ವಾರ ಕೂತು, ಮರಿ ಹಾರಿಸಿ ಮುಗಿಸಬೇಕು. ನೀರು ಬಿಡುವವರು ರೈತರ ಬೆಳೆಯ ಲೆಕ್ಕದಲ್ಲಿ ಬಿಡುತ್ತಾರೆ, ಬಿಡಬೇಕಾದದ್ದೂ ಹಾಗೆಯೇ. ಹಕ್ಕಿ ಆ ಲೆಕ್ಕಕ್ಕೆ ತನ್ನನ್ನು ಹೊಂದಿಸಿಕೊಂಡಿದೆ. ಮನುಷ್ಯ ಕಟ್ಟಿದ ಅಣೆಕಟ್ಟಿನಲ್ಲಿ, ಮನುಷ್ಯನ ಕಾಲುವೆಯ ವೇಳಾಪಟ್ಟಿಗೆ ಸರಿಯಾಗಿ ಸಂಸಾರ ನಡೆಸುವ ಈ ಹಕ್ಕಿಯನ್ನು ನೋಡಿದಾಗ, ವನ್ಯಜೀವಿ ಉಳಿಯಬೇಕಾದರೆ ಮನುಷ್ಯ ಇರಲೇಬಾರದು ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮನುಷ್ಯ ಇರಬಹುದು. ನಡುವೆ ಒಂದಿಷ್ಟು ನೀರು ಇರಬೇಕು.

ಇದು ಭದ್ರೆಯೊಂದರ ಕಥೆಯಲ್ಲ. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ಗವಿಗಳಲ್ಲಿ ಬಾನಾಡಿ ಜಾತಿಯ ಪುಟ್ಟ ಹಕ್ಕಿಗಳು ಎಂಜಲಿನಿಂದ ಗೂಡು ಅಂಟಿಸುತ್ತವೆ. ಮೀನುಗಾರರು ಅಲ್ಲಿಯ ಜಟ್ಟಿಗ ದೈವಕ್ಕೆ ಹರಕೆ ಹೊತ್ತು ಆಡುಗಳನ್ನು ಬಿಟ್ಟು ಬರುತ್ತಿದ್ದರು. ಇಂಥ ದ್ವೀಪವನ್ನು ನೌಕಾಪಡೆ ಬಹುಕಾಲ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತು. ಪರಿಸರದವರೂ ಮೀನುಗಾರರೂ ಅದನ್ನು ವಿರೋಧಿಸಿದರು. ಈಗ ಅಲ್ಲಿಗೆ ಮುಳುಗು ಕ್ರೀಡೆಯ ದೋಣಿಗಳು ಹೋಗುತ್ತವೆ. ಇನ್ನೂ ದೂರದ ಒಂದು ಉದಾಹರಣೆ ಇಂಗ್ಲೆಂಡಿನ ಫಾರ್ನ್ ದ್ವೀಪಗಳದು. ಸಣ್ಣ ದೋಣಿಗಳಲ್ಲಿ ಜನ ಹೋಗಿ ಕಡಲ ರೀವಗಳನ್ನೂ ಪಫಿನ್‌ಗಳನ್ನೂ ನೋಡುವ ಆ ದ್ವೀಪಗಳನ್ನು 1925ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಅಲ್ಲಿಯ ರೀವಗಳು ಗೂಡಿನ ಹತ್ತಿರ ಬಂದವರ ತಲೆ ಕುಕ್ಕುತ್ತವೆ. ಪ್ರವಾಸಿಗಳು ಟೊಪ್ಪಿಗೆ ಹಾಕಿಕೊಂಡೇ ಇಳಿಯುವರಂತೆ. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತಾಗ ದ್ವೀಪದ ಮೇಲೆ ಯಾರೂ ಇಳಿಯದಂತೆ ಮಾಡಿದರು. ದೋಣಿಗಳು ಸುತ್ತ ತಿರುಗಿ ಹಿಂದಿರುಗುತ್ತಿದ್ದವು. ಪ್ರವಾಸಿಗಳಿಂದ ಬರುವ ಹಣವೇ ಆಧಾರವಾಗಿದ್ದ ಊರಿನ ಜನ ಅದನ್ನು ಸಹಿಸಿಕೊಂಡರು. 2024ರಲ್ಲಿ ಮತ್ತೆ ಇಳಿಯಲು ಬಿಟ್ಟರು.

ಈಗ ನಮ್ಮ ಹೊಳೆಗೆ ಬರೋಣ.

ನಮ್ಮ ಹಿರಿಯರಿಗೆ ನೆನಪಿರುವ ತುಂಗಭದ್ರೆ ಬೇಸಿಗೆಯಲ್ಲಿ ಎರಡು ಮೂರು ಸೆಳವುಗಳಾಗಿ ಒಡೆದು ಹರಿಯುತ್ತಿದ್ದಳು. ಸೆಳವುಗಳ ನಡುವೆ ಉಸುಕಿನ ದಿಬ್ಬಗಳು. ಹರಗೋಲಿನಲ್ಲಿ ದಾಟುವಾಗ ನಡುವೆ ಇಳಿದು, ನಡೆದು, ಮತ್ತೆ ಹರಗೋಲು ಹತ್ತಿದವರು ನಮ್ಮಲ್ಲಿದ್ದಾರೆ. ಆ ದಿಬ್ಬಗಳೇ ನಮ್ಮ ದ್ವೀಪಗಳಾಗಿದ್ದವು. ಭದ್ರೆಯಲ್ಲಿ ಮುಳುಗಿದ ಗುಡ್ಡದ ನೆತ್ತಿ ಮಾಡುವ ಕೆಲಸವನ್ನು ಇಲ್ಲಿ ಹೊಳೆಯೇ ತಂದು ಒಟ್ಟಿದ ಉಸುಕು ಮಾಡುತ್ತಿತ್ತು. ನದಿ ರೀವ ಮೂಲತಃ ಮೊಟ್ಟೆಯಿಡುವುದು ಇಂಥ ಉಸುಕಿನಲ್ಲಿಯೇ. ಜಲಾಶಯದ ನಡುಗಡ್ಡೆ ಅದಕ್ಕೆ ನಿನ್ನೆ ಮೊನ್ನೆ ಸಿಕ್ಕ ಆಸರೆ. ಹೊಳೆಗಳಲ್ಲಿ ಜಾಗ ಕಡಿಮೆಯಾದಷ್ಟೂ ಭದ್ರೆಯಂಥ ಕೆಲವೇ ತಾಣಗಳ ಮೇಲೆ ಭಾರ ಹೆಚ್ಚುತ್ತದೆ. ಎಲ್ಲ ಮೊಟ್ಟೆಗಳೂ ಒಂದೇ ಬುಟ್ಟಿಯಲ್ಲಿರುವ ಮನೆಯಲ್ಲಿ ಬೆಕ್ಕು ಒಮ್ಮೆ ನುಗ್ಗಿದರೆ ಸಾಕು.

ಉಸುಕು ಎಲ್ಲಿ ಹೋಗುತ್ತಿದೆ ಎಂಬುದನ್ನು ಹೊಳೆದಂಡೆಯ ಊರಿನ ಮಕ್ಕಳೂ ಬಲ್ಲರು. ರಾತ್ರಿ ಹೊತ್ತು ನಮ್ಮ ರಸ್ತೆಗಳಲ್ಲಿ ನೀರು ಸೋರಿಸುತ್ತ ಓಡುವ ಲಾರಿ ಟ್ರ್ಯಾಕ್ಟರುಗಳೇ ಅದನ್ನು ಹೇಳುತ್ತವೆ. ಮನೆ ಕಟ್ಟಲು ಉಸುಕು ಬೇಡವೆಂದು ನಾನು ಹೇಳುತ್ತಿಲ್ಲ. ಈ ಸಭಾಭವನವೂ ಉಸುಕಿನಿಂದಲೇ ಆದುದು. ಪ್ರಶ್ನೆ ಎಷ್ಟು, ಎಲ್ಲಿಂದ, ಯಾವಾಗ ಎಂಬುದು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. 2016ರಲ್ಲಿ ಕೇಂದ್ರ ಸರ್ಕಾರ ಸುಸ್ಥಿರ ಮರಳು ಗಣಿಗಾರಿಕೆಯ ಮಾರ್ಗಸೂಚಿ ಹೊರಡಿಸಿತು. ಮಳೆಗಾಲದಲ್ಲಿ ಹೊಳೆಯಿಂದ ಮರಳು ತೆಗೆಯಬಾರದೆಂಬುದು ಅದರ ಒಂದು ನಿಯಮ. ಒಳ್ಳೆಯ ನಿಯಮವೇ. ಆದರೆ ಹೊಳೆ ತುಂಬಿ ಹರಿಯುವಾಗ ಯಾವ ಯಂತ್ರ ತಾನೇ ಒಳಗೆ ಇಳಿದೀತು? ನೀರು ಇಳಿದು ದಿಬ್ಬಗಳು ತಲೆಯೆತ್ತುವ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲವೇ ಉಸುಕು ಎತ್ತುವವರ ಸುಗ್ಗಿ, ಅದೇ ಹಕ್ಕಿಗಳ ಬಾಣಂತನದ ಕಾಲ. ಯಂತ್ರ ಇಳಿಸಲು ಮೊದಲು ದಡದಿಂದ ದಿಬ್ಬಕ್ಕೆ ಮಣ್ಣಿನ ಹಾದಿ ಹಾಕುತ್ತಾರೆ. ಆ ಹಾದಿ ಬಿದ್ದ ದಿನವೇ ದ್ವೀಪ ದ್ವೀಪವಾಗಿ ಉಳಿಯುವುದಿಲ್ಲ. ಉಸುಕು ಎತ್ತುವ ಮೊದಲೇ ನಾಯಿಗಳು ದಾಟಿ ಹೋಗಿರುತ್ತವೆ. ನಮ್ಮ ಕೆಳಗಿನ ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಮೇಲೆ ಭದ್ರೆಗೆ ಅಭಯಾರಣ್ಯದ ನೆರಳಿದೆ, ಕೆಳಗೆ ನೀರುನಾಯಿಗೆ ಮೀಸಲಿನ ಹೆಸರಿದೆ. ನಡುವಿನ ನಮ್ಮ ಪಾಲಿನ ಹೊಳೆಯನ್ನು ಕೇಳುವವರು ನಾವೇ ಆಗಬೇಕು.

ಇನ್ನು ಮಾಗಡಿ ಕೆರೆಯ ವಿಷಯ. ನಿಮ್ಮಲ್ಲಿ ಕೆಲವರು, ಮುಖ್ಯವಾಗಿ ಲಕ್ಷ್ಮೇಶ್ವರ ಹಾಗೂ ಶಿರಹಟ್ಟಿ ಕಡೆಯ ಯುವಕರು, ಮಾಗಡಿಯಲ್ಲಿಯೂ ದೋಣಿ ಬಿಟ್ಟರೆ ಹೇಗೆ, ನಾಲ್ಕು ಜನಕ್ಕೆ ಉದ್ಯೋಗವಾದೀತಲ್ಲ ಎಂದು ನನ್ನನ್ನು ಕೇಳಿದ್ದೀರಿ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಈ ಮಾತು ಹೆಚ್ಚಿದೆ. ಕೇಳಿದವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಳೆಯ ನೆರಳಿನ ಈ ಸೀಮೆಯಲ್ಲಿ ದುಡಿಮೆ ಹುಡುಕಿ ಗೋವಾಕ್ಕೆ, ಮಂಗಳೂರಿಗೆ ಹೋಗುವ ಹುಡುಗರನ್ನು ನಾನೂ ಕಂಡಿದ್ದೇನೆ. ಆದರೂ ನನ್ನ ಉತ್ತರ ಬೇಡವೆಂದೇ. ಕಾರಣವನ್ನು ಹೇಳುತ್ತೇನೆ.

ಮಾಗಡಿ ಕೆರೆ ಸುಮಾರು 54 ಹೆಕ್ಟೇರ್. ನೀರಾವರಿಗೆಂದು ಕಟ್ಟಿದ ಕೆರೆ. 166 ಜಾತಿಯ ಹಕ್ಕಿಗಳು ಅಲ್ಲಿ ದಾಖಲಾಗಿವೆ; ಅವುಗಳಲ್ಲಿ ನಾನು ಇಷ್ಟು ಹೊತ್ತು ಹೇಳಿದ ನದಿ ರೀವವೂ ಒಂದು. ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ ಕಡೆಗಳಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿ ಇದು. ಉಪಗ್ರಹದ ಮೂಲಕ ಜಾಡು ಹಿಡಿದ ವಿಜ್ಞಾನಿಗಳು ಇವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿದ್ದಾರೆ. ರಾತ್ರಿ ಹಾಗೂ ಮುಂಜಾವಿನಲ್ಲಿ ನಮ್ಮ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯ ನಡುವೆ ವಿಶ್ರಮಿಸುತ್ತವೆ. ಮಾಗಡಿಯ ರೈತರು ಈ ಮೇಯುವಿಕೆಯನ್ನು ಸಹಿಸಿಕೊಂಡು ಬಂದಿರುವುದರಿಂದಲೇ ಆ ಕೆರೆ ಜಗತ್ತಿನ ಪಟ್ಟಿಗೆ ಸೇರಿದೆ ಎಂಬುದನ್ನು ಸರ್ಕಾರ ಮರೆತರೂ ನಾವು ಮರೆಯಬಾರದು.

ಈ ಹೆಬ್ಬಾತುಗಳು ಹುಟ್ಟುವುದೂ ನಡುಗಡ್ಡೆಗಳಲ್ಲಿಯೇ. ಲಡಾಖಿನ ತ್ಸೊ ಮೊರಿರಿ, ಚೀನಾದ ಚಿಂಗ್‌ಹಾಯ್ ಮುಂತಾದ ಎತ್ತರದ ಸರೋವರಗಳ ನಡುವಿನ ದಿಬ್ಬಗಳ ಮೇಲೆ, ತೋಳ ನರಿಗಳು ಬಾರದ ಜಾಗದಲ್ಲಿ ಇವು ಮರಿ ಮಾಡುತ್ತವೆ. ಚಿಂಗ್‌ಹಾಯ್‌ನಲ್ಲಿ ಪಕ್ಷಿದ್ವೀಪವೆಂದೇ ಹೆಸರಾದ ಜಾಗವೊಂದಿತ್ತು. ಸರೋವರದ ನೀರು ಇಳಿದು ಅದು ದಡಕ್ಕೆ ಸೇರಿಕೊಂಡಿತು. ದ್ವೀಪವೆಂಬ ಹೆಸರು ಮಾತ್ರ ಉಳಿಯಿತು. ಅದೇ ಸರೋವರದಲ್ಲಿ 2005ರಲ್ಲಿ ಹಕ್ಕಿಜ್ವರದಿಂದ 6,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು, ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಇಷ್ಟನ್ನೆಲ್ಲ ದಾಟಿ ಬಂದ ಹಕ್ಕಿಗೆ ಮಾಗಡಿಯಲ್ಲಿ ದ್ವೀಪವೆಂದರೆ ಕೆರೆಯ ನಡುನೀರು. ದಡದ ನಾಯಿಗೆ, ಮನುಷ್ಯನಿಗೆ ಎಟುಕದ ಆ ನಡುನೀರಿಗೇ ನಾವು ದೋಣಿ ಇಳಿಸಿದರೆ ಅದಕ್ಕೆ ಕೂಡಲು ಜಾಗವೆಲ್ಲಿ? ಭದ್ರೆಯ ಹಿನ್ನೀರು ಮೈಲಿಗಟ್ಟಲೆ ಇದೆ; ದೋಣಿ ದೂರ ನಿಲ್ಲಬಹುದು. 54 ಹೆಕ್ಟೇರಿನ ಕೆರೆಯಲ್ಲಿ ದೂರವೆಂಬುದೇ ಇಲ್ಲ. ದೋಣಿ ಒಂದು ದಡದಿಂದ ಹೊರಟರೆ ಇನ್ನೊಂದು ದಡದ ಹಕ್ಕಿಯೂ ಏಳುತ್ತದೆ. ಹಿಮಾಲಯ ದಾಟಿ ಬಂದ ಹಕ್ಕಿ ಹಗಲಿಡೀ ಎದ್ದು ಕೂತು ಮಾಡಿದರೆ ಹಿಂದಿರುಗುವ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಎಲ್ಲಿಂದ ಕೂಡಿಸೀತು? ಕೂಡಿಸಲು ಇನ್ನಷ್ಟು ಮೇಯಬೇಕು, ಅಂದರೆ ರೈತನ ಹೊಲದಲ್ಲಿ ಇನ್ನಷ್ಟು. ದೋಣಿಯ ಲಾಭ ಒಬ್ಬರಿಗೆ, ಹೊಲದ ನಷ್ಟ ಇನ್ನೊಬ್ಬರಿಗೆ ಆಗುವುದು ಹೀಗೆ.

ಉದ್ಯೋಗ ಬೇಕಾದರೆ ದಡದ ಮೇಲೆ ಮಾಡೋಣ. ದೂರದರ್ಶಕ ಯಂತ್ರವೊಂದನ್ನು ಏರಿಯ ಮೇಲೆ ನಿಲ್ಲಿಸಿ, ಹಕ್ಕಿಯನ್ನು ಗುರುತಿಸಬಲ್ಲ ಊರಿನ ಹುಡುಗ ಹುಡುಗಿಯರು ಬಂದವರಿಗೆ ತೋರಿಸಿ ಶುಲ್ಕ ಪಡೆಯಲಿ. ರೊಟ್ಟಿ ಊಟ ಹಾಕಲಿ. ಬಂದ ಹಣದಲ್ಲಿ ಒಂದು ಪಾಲು ಹೆಬ್ಬಾತು ಮೇಯ್ದ ಹೊಲಗಳವರಿಗೆ ಸಲ್ಲಲಿ. ದೋಣಿಯ ಗುತ್ತಿಗೆ ಪಡೆಯಲು ಹೊರಗಿನ ಬಂಡವಾಳಗಾರ ಬರುತ್ತಾನೆ; ದೂರದರ್ಶಕ ಹಿಡಿಯಲು ನಮ್ಮವರೇ ಸಾಕು.

ಹೊಳೆಯ ಉಸುಕಿನ ಬಗ್ಗೆ ಮಾಡಬಹುದಾದ ಒಂದು ಕೆಲಸ ನಮ್ಮ ಕೈಯಲ್ಲಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಬೇಕು. ಬಹಳ ಕಡೆ ಆ ದಾಖಲೆ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಹೊಳೆದಂಡೆಯ ಪಂಚಾಯಿತಿಗಳಲ್ಲಿ ಯಾವ ಬೇಸಿಗೆಯಲ್ಲಿ ಯಾವ ದಿಬ್ಬ ತಲೆಯೆತ್ತಿತು, ಅದರ ಮೇಲೆ ಯಾವ ಹಕ್ಕಿ ಕುಳಿತಿತ್ತು, ಮೊಟ್ಟೆಯಿಟ್ಟಿತೆ, ಮರಿ ಹಾರಿದವೆ, ದಡದಿಂದ ಹಾದಿ ಬಿದ್ದದ್ದು ಯಾವ ದಿನ ಎಂಬುದನ್ನು ಅದರಲ್ಲಿ ಸೇರಿಸಬೇಕು. ಮರಳಿನ ಬ್ಲಾಕು ಗುರುತಿಸುವ ಅಧಿಕಾರಿಯ ಮುಂದೆ ಗ್ರಾಮಸಭೆ ಈ ದಾಖಲೆಯನ್ನು ಇಡಬೇಕು. ಕಪ್ಪತಗುಡ್ಡದ ಹೋರಾಟದಲ್ಲಿ ನಾವು ಕಂಡದ್ದೂ ಇದನ್ನೇ. 2015ರಲ್ಲಿ ಸಂರಕ್ಷಣಾ ಮೀಸಲಾಗಿ, 2016ರಲ್ಲಿ ಆ ಆದೇಶವೇ ರದ್ದಾಗಿ, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಬಂದು, 2019ರಲ್ಲಿ ಅಭಯಾರಣ್ಯವಾದ ಗುಡ್ಡ ಇದು. ಘೋಷಣೆ ಕೂಗಿದವರ ಹಿಂದೆ, ಇಲ್ಲಿ ಯಾವ ಗಿಡಮೂಲಿಕೆ ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಬಲ್ಲ ಹಳ್ಳಿಗರಿದ್ದರು. ಹೊಳೆಗೆ ಅಂಥವರು ಇನ್ನೂ ಸಾಲದು.

ಆದ್ದರಿಂದ ಈ ಬರುವ ಬೇಸಿಗೆಯಲ್ಲಿ ಹೊಳೆ ಇಟಗಿಯಿಂದ ಕೊರ್ಲಹಳ್ಳಿಯವರೆಗೆ ದಂಡೆಗುಂಟ ನಡೆದು ದಿಬ್ಬಗಳನ್ನು ಎಣಿಸುವ ಕಾರ್ಯಕ್ರಮ ಹಾಕಿಕೊಳ್ಳೋಣ. ಮಾರ್ಚ್ ತಿಂಗಳಿನಲ್ಲಿ ಒಮ್ಮೆ, ಮೇ ತಿಂಗಳ ಮೊದಲ ವಾರದಲ್ಲಿ ಇನ್ನೊಮ್ಮೆ. ಮೀನುಗಾರರನ್ನೂ ಹರಗೋಲಿನವರನ್ನೂ ಜೊತೆಗೆ ಕರೆದುಕೊಳ್ಳಬೇಕು. ಅವರಿಗೆ ತಿಳಿದಷ್ಟು ನಮಗೆ ತಿಳಿದಿಲ್ಲ. ಮುಂಜಾನೆ ಆರರಿಂದ ಒಂಬತ್ತರವರೆಗೆ ಮಾತ್ರ ನಡಿಗೆ, ಬಿಸಿಲೇರಿದ ಮೇಲೆ ಇಲ್ಲ. ದಿಬ್ಬದ ಮೇಲೆ ಯಾರೂ ಇಳಿಯತಕ್ಕದ್ದಲ್ಲ, ನಾಯಿಗಳನ್ನು ಕರೆತರತಕ್ಕದ್ದಲ್ಲ. ಬೈನಾಕ್ಯುಲರ್ ಇದ್ದವರು ತನ್ನಿ, ಇಲ್ಲದವರು ನೋಟುಪುಸ್ತಕ ತನ್ನಿ. ಬರಲು ಇಚ್ಛಿಸುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ಹೆಸರು ಬರೆಸಬೇಕು. ಹೊಳೆದಂಡೆಯ ಊರುಗಳವರಿಗೆ ಮೊದಲ ಆದ್ಯತೆ.